ಮೋಟರ್ ಬಂತು, ಕಾರ್ಖಾನೆ ಬದಲಾಗಲಿಲ್ಲ

ಹಳೇ ಕಂಪನಿಗಳು ಹೊಸ ತಂತ್ರಜ್ಞಾನ ಗೊತ್ತಿಲ್ಲದೆ ಮುಳುಗುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಇದು ತಪ್ಪು. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಕಟ್ಟಿದ ಸ್ಟೀವನ್ ಸ್ಯಾಸನ್ ಫೋಟೋ ಫಿಲ್ಮ್ ಕಂಪನಿ ಕೊಡಾಕ್‌ನ ಎಂಜಿನಿಯರೇ. ಅದೇ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ವಿದ್ಯುತ್ ಮೋಟರಿನ ಕಥೆ ನನಗೆ ಇನ್ನೂ ಇಷ್ಟ. ಹಬೆ ಕಾಲದ ಕಾರ್ಖಾನೆಗೆ ಒಂದೇ ದೊಡ್ಡ ಎಂಜಿನ್. ಅದು ಚಾವಣಿಯಡಿಯ ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ದಂಡದಿಂದ ಒಂದೊಂದು ಯಂತ್ರಕ್ಕೂ ಬೆಲ್ಟ್. ದಂಡ ಉದ್ದವಾದಷ್ಟೂ ಘರ್ಷಣೆಯಲ್ಲಿ ಶಕ್ತಿ ಪೋಲು. ಅದಕ್ಕೇ ಕಾರ್ಖಾನೆಗಳು ಅಗಲಕ್ಕೆ ಹರಡದೆ ಮಹಡಿ ಮೇಲೆ ಮಹಡಿಯಾಗಿ ಎದ್ದವು. ಒಂದೇ ಯಂತ್ರಕ್ಕೆ ಕೆಲಸವಿದ್ದರೂ ಇಡೀ ದಂಡ ತಿರುಗಬೇಕು. ಯಾವ ಯಂತ್ರ ಎಲ್ಲಿರಬೇಕು ಅನ್ನೋದನ್ನೂ ದಂಡವೇ ತೀರ್ಮಾನಿಸುತ್ತಿತ್ತು.

ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದ. ಆದರೂ 1900ರ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳ ಯಂತ್ರಶಕ್ತಿಯಲ್ಲಿ ಮೋಟರಿನ ಪಾಲು ಸುಮಾರು ಶೇ 5. ಮೋಟರ್ ತಂದವರೂ ಬಹಳಷ್ಟು ಜನ ಎಂಜಿನ್ ಜಾಗದಲ್ಲೇ ಅದನ್ನು ಕೂರಿಸಿದರು. ದಂಡ, ಬೆಲ್ಟ್, ಮಹಡಿ ಹಾಗೇ ಉಳಿದವು. ಲಾಭವೂ ಅಷ್ಟಕ್ಕಷ್ಟೇ. ಯಂತ್ರಕ್ಕೊಂದು ಪುಟ್ಟ ಮೋಟರ್ ಕೊಟ್ಟು, ಕೆಲಸ ಸಾಗುವ ಕ್ರಮದಲ್ಲಿ ಒಂದೇ ಅಂತಸ್ತಿನಲ್ಲಿ ಜೋಡಿಸಿದ ಮೇಲೆ, 1920ರ ದಶಕದಲ್ಲಿ ಉತ್ಪಾದನೆ ಜಿಗಿಯಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಸಣ್ಣ ಕೋಣೆಗಳಲ್ಲೂ ನಡೆಯುತ್ತೆ, ಅಲ್ವಾ? ಅದು ಆ ಪುಟ್ಟ ಮೋಟರಿನ ಕೊಡುಗೆ.

ಹೊಸದು ಬಂದರೂ ಹಳೇ ಕ್ರಮವೇ ಉಳಿಯುವ ಅಪಾಯ ಇಂದೂ ಇದೆ. ಈಗ ರಾಯಚೂರಿನ ಶಕ್ತಿನಗರಕ್ಕೆ ಬನ್ನಿ. ಕೃಷ್ಣೆಯ ದಡದ ಈ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಂಥ ಸ್ಥಾವರಗಳನ್ನು ಕಟ್ಟಿದ್ದು ಹಗಲೂ ರಾತ್ರಿ ಒಂದೇ ಸಮ ಓಡಲಿ ಅಂತ. ಈಗ ಮಧ್ಯಾಹ್ನ ಸೋಲಾರ್ ವಿದ್ಯುತ್ ಜಾಸ್ತಿ. ಆಗ ಕಲ್ಲಿದ್ದಲು ಘಟಕ ತಗ್ಗಬೇಕು, ಸೂರ್ಯ ಇಳಿದಾಗ ಏರಬೇಕು. ಬಾಯ್ಲರಿನ ದಪ್ಪ ಉಕ್ಕು ಮೇಲ್ಮೈಯಲ್ಲಿ ಬೇಗ ಬಿಸಿಯಾಗುತ್ತೆ, ಒಳಗೆ ತಡವಾಗಿ. ಬಿಸಿನೀರು ಸುರಿದ ದಪ್ಪ ಗಾಜಿನ ಲೋಟದ ಹಾಗೆ. ಈ ಎಳೆತ ದಿನವೂ ನಡೆದರೆ ಉಕ್ಕು ದಣಿದು ಬಿರುಕು ಬಿಡುತ್ತೆ.

ಇಷ್ಟನ್ನು ಎಂಜಿನಿಯರುಗಳು ಚೆನ್ನಾಗೇ ಬಲ್ಲರು. ನನ್ನ ಕಾಳಜಿ ಲೆಕ್ಕದ ಬಗ್ಗೆ. ಘಟಕ ಎಷ್ಟು ಗಂಟೆ ಓಡಿತು ಅಂತ ನೋಡಿ ರಿಪೇರಿ ಮಾಡಿದರೆ ಸಾಲದು. ಎಷ್ಟು ಸಲ ಏರಿಳಿಯಿತು ಅನ್ನೋದನ್ನೂ ಎಣಿಸಬೇಕು. ವರ್ಷಕ್ಕೆ ಎಷ್ಟು ಯೂನಿಟ್ ಬಂತು ಅನ್ನೋದರ ಮೇಲಷ್ಟೇ ಸಿಬ್ಬಂದಿಯನ್ನು ಅಳೆದರೆ, ಮಧ್ಯಾಹ್ನ ತಗ್ಗಿಸಿದವರು ಸೋತವರ ಹಾಗೆ ಕಾಣುತ್ತಾರೆ. ನಿಮಿಷಕ್ಕೆ ಶೇ 1ರಂತೆ ಏರಿಸಿದರೆ 210 ಮೆಗಾವಾಟ್ ಘಟಕ ಅರ್ಧದಿಂದ ಪೂರ್ತಿಗೆ ಬರಲು 50 ನಿಮಿಷ ಬೇಕು. ಆ 50 ನಿಮಿಷವನ್ನು ಚೆನ್ನಾಗಿ ನಡೆಸಿದ ಪಾಳಿಗೆ ವರದಿಯಲ್ಲಿ ಒಂದು ಸಾಲು ಸಿಗಬೇಕು.