ಕೆಳಗೆ ಅಂಗಡಿ, ಮೇಲೆ ಫ್ಲಾಟ್: ಪೇಟೆ ಬೀದಿ ಉಳಿಯುತ್ತದಾ?

ಪ್ರಶ್ನೆ: ಶಿರಸಿ ಪೇಟೆಯಲ್ಲಿ ನಮ್ಮ ಎದುರಿನ ಹಳೇ ಹೆಂಚಿನ ಮನೆ ಕೆಡವಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮೂರು ಮಹಡಿ ಫ್ಲಾಟ್ ಬರುತ್ತದಂತೆ. ಇದರಿಂದ ಬೀದಿಯಲ್ಲಿ ವ್ಯಾಪಾರ, ಓಡಾಟ ಜಾಸ್ತಿಯಾಗುತ್ತದಾ, ಇರುವುದೂ ಹೋಗುತ್ತದಾ? ಅಲ್ಲೇ ಕೂತು ಹೂವು ಮಾರುವವರ ಗತಿ ಏನು?

ಉತ್ತರ: ಮೇಲೆ ಎಷ್ಟು ಮಹಡಿ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಬೀದಿಯ ಹಣೆಬರಹ ಬರೆಯುವುದು ಕೆಳಗಿನ ಹತ್ತು ಅಡಿ.

ಅಂಗಡಿ ಮೇಲೆ ಮನೆ ನಮಗೇನು ಹೊಸದಲ್ಲ. ಸಿ.ಪಿ. ಬಜಾರ್ ಕಡೆ ಹೋದಾಗ ಬೋರ್ಡುಗಳನ್ನು ಬಿಟ್ಟು ಅದರ ಮೇಲೆ ಕಣ್ಣು ಹಾಯಿಸಿ. ಮರದ ಕಿಟಕಿ, ಒಣಗಲು ಹಾಕಿದ ಸೀರೆ ಇನ್ನೂ ಕೆಲವು ಕಡೆ ಕಾಣುತ್ತವೆ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮಾಳಿಗೆಯಲ್ಲಿ ಮಲಗುವುದು. ಯಜಮಾನರು ಊಟಕ್ಕೆ ಎದ್ದರೆ ಗಲ್ಲಾಪೆಟ್ಟಿಗೆಗೆ ಮನೆಯವರು ಯಾರಾದರೂ ಬಂದು ಕೂರುತ್ತಿದ್ದರು. ಈಗ ಅದಕ್ಕೆ ಮಿಕ್ಸ್ಡ್ ಯೂಸ್ ಅಂತ ಹೆಸರು ಬಂದಿದೆ, ಅಷ್ಟೇ.

ಹೊಸ ಕಟ್ಟಡದಲ್ಲಿ ಇಲ್ಲದ್ದು ಜಗುಲಿ ಮತ್ತು ಸೂರು. ನಾನು ಹೂವು ಕೊಳ್ಳುವ ಅಜ್ಜಿಯೊಬ್ಬರು ಕೂರುವುದು ಒಂದು ಹಳೇ ಕಿರಾಣಿ ಅಂಗಡಿಯ ಜಗುಲಿ ಪಕ್ಕ. ಅಬ್ಬಲಿಗೆ ದಂಡೆಯನ್ನು ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ಅಳೆಯುತ್ತಾರೆ, ಕೊನೆಗೆ ಒಂದು ಹಿಡಿ ಸುಮ್ನೆ ಸೇರಿಸುತ್ತಾರೆ. ಅವರ ನೀರಿನ ಚೊಂಬು ಅಂಗಡಿಯ ಒಳಗೆ. ಅಂಗಡಿಯವರು ಚಾಕ್ಕೆ ಹೋದರೆ ನಿಗಾ ಅಜ್ಜಿಯದು. ದೇವರಿಗೆ ಹೂವು ಅಂತ ಬಂದವರು ಹಾಗೇ ಕರ್ಪೂರ, ಊದಿನಕಡ್ಡಿ ಒಯ್ಯುತ್ತಾರೆ. ಯಾರು ಯಾರಿಗೆ ಗಿರಾಕಿ ತಂದುಕೊಟ್ಟರು ಅಂತ ಲೆಕ್ಕ ಹಾಕುವುದೇ ಕಷ್ಟ. ಇದೆಲ್ಲ ನಡೆಯುವುದು ನಾಲ್ಕಡಿ ಜಾಗದಲ್ಲಿ.

ಇನ್ನು ಮಳೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಸೂರಿನ ಕೆಳಗೇ ಪೇಟೆ. ಕಳಲೆ ಬುಟ್ಟಿ ಹಿಡಿದು ಬಂದವರು ಕೂರುವುದೂ ಅಲ್ಲೇ. ಗಾಜಿನ ಗೋಡೆ ನೇರ ಕೆಳಗಿಳಿದ ಕಟ್ಟಡದ ಎದುರು ಮಳೆಯಲ್ಲಿ ಯಾರು ನಿಲ್ಲುತ್ತಾರೆ? ಬಗ್ಗಿ ಓಡಿ ದಾಟಿಬಿಡುತ್ತೇವೆ.

ನೀರು ನುಗ್ಗದಿರಲಿ ಅಂತ ಅಂಗಡಿ ನೆಲವನ್ನು ಮೂರಡಿ ಎತ್ತರಿಸಿ, ಫಳಫಳ ಗ್ರಾನೈಟ್ ಮೆಟ್ಟಿಲು ಹಾಕುವುದು ಇನ್ನೊಂದು ಚಾಳಿ. ಕಳೆದ ಜುಲೈನಲ್ಲಿ ಕೊಡೆ ಮಡಚುತ್ತಾ ಅಂಥದೊಂದು ಮೆಟ್ಟಿಲ ಮೇಲೆ ಕಾಲಿಟ್ಟೆ. ನೇರ ರಸ್ತೆಗೆ ಬಂದು ಕೂತೆ! ಸೊಂಟ ಹದಿನೈದು ದಿನ ಮಾತಾಡಿತು. ವಯಸ್ಸಾದವರು ಆ ಮೆಟ್ಟಿಲು ನೋಡಿಯೇ ಮುಂದಿನ ಅಂಗಡಿಗೆ ಹೋಗುತ್ತಾರೆ.

ಮುಂದಿನ ಲೆಕ್ಕ ಬಾಗಿಲಿನದು. ಅರವತ್ತು ಅಡಿ ಮುಖ ಇರುವ ಜಾಗ ಅಂದುಕೊಳ್ಳಿ. ಹತ್ತಡಿಯ ಆರು ಮಳಿಗೆ ಮಾಡಿದರೆ ಆರು ಬಾಗಿಲು, ಆರು ವ್ಯಾಪಾರ. ಇಡೀ ನೆಲಮಹಡಿಯನ್ನು ಒಂದೇ ಶೋರೂಮಿಗೆ ಕೊಟ್ಟರೆ ಒಂದು ಬಾಗಿಲು, ಅದರ ಎದುರು ಒಬ್ಬ ಸೆಕ್ಯೂರಿಟಿ. ಒಬ್ಬನೇ ಬಾಡಿಗೆದಾರ ಅಂದರೆ ಮಾಲೀಕರಿಗೆ ತಲೆಬಿಸಿ ಕಡಿಮೆ, ನಿಜ. ಆದರೆ ಚಪ್ಪಲಿ ಹೊಲಿಯುವವ, ಬಳೆ ಅಂಗಡಿ, ವಾಚ್ ರಿಪೇರಿಯವರು ಅಲ್ಲಿಗೆ ಮರಳಿ ಬರುವುದಿಲ್ಲ. ಹೊಸ ಮಳಿಗೆಯ ಡಿಪಾಸಿಟ್ ಕೇಳಿದರೇ ಅವರು ಹಿಂದೆ ಸರಿಯುತ್ತಾರೆ. ಹಾಗಾಗಿ ಚಿಕ್ಕ ಮಳಿಗೆ ಕೆಲವಾದರೂ ಇರಬೇಕು.

ಪಾರ್ಕಿಂಗ್ ವಿಷಯ ಹೇಳಿದರೆ ಕಾರಿನವರಿಗೆ ಸಿಟ್ಟು ಬರಬಹುದು. ಕಟ್ಟಡಕ್ಕೆ ಪಾರ್ಕಿಂಗ್ ಬೇಕು, ನಿಯಮವೂ ಇದೆ. ಆದರೆ ರಸ್ತೆ ಬದಿಯ ಜಾಗವೆಲ್ಲ ಕಂಬ ಮತ್ತು ಕಾರುಗಳಾದರೆ ಆ ತುಂಡು ಬೀದಿ ಸತ್ತಂತೆ. ಕಾರುಗಳು ಹಿಂಭಾಗದಲ್ಲಿರಲಿ, ದಾರಿ ಪಕ್ಕದ ಓಣಿಯಿಂದ ಇರಲಿ. ನೆಲದಡಿಯ ಪಾರ್ಕಿಂಗ್ ಅಂದರೆ ಮೊದಲು ಮಳೆನೀರು ಹೊರಹಾಕುವ ಪಂಪಿನ ಬಗ್ಗೆ ಕೇಳಿ.

ಮೇಲಿನ ಫ್ಲಾಟಿನಿಂದ ಒಳ್ಳೆಯದೂ ಆಗುತ್ತದೆ. ಜನ ವಾಸವಿದ್ದರೆ ಅಂಗಡಿ ಮುಚ್ಚಿದ ಮೇಲೂ ಕಿಟಕಿಯಲ್ಲಿ ಬೆಳಕಿರುತ್ತದೆ, ರಾತ್ರಿ ನಡೆದು ಬರುವ ಹುಡುಗಿಗೆ ಧೈರ್ಯ. ಹಾಲು, ಸೊಪ್ಪು, ಮಾತ್ರೆಗೆ ಕೆಳಗೇ ಇಳಿಯುವ ಗಿರಾಕಿಗಳೂ ಸಿಗುತ್ತಾರೆ. ಆದರೆ ಫ್ಲಾಟ್ ಕೊಂಡವರು ಬೆಂಗಳೂರಿನಲ್ಲಿದ್ದು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದು ಬೀಗ ತೆಗೆಯುವವರಾದರೆ? ಅಡಿಕೆಗೆ ರೇಟು ಬಂದ ವರ್ಷ ಇಂಥ ಹೂಡಿಕೆ ಜಾಸ್ತಿ ಅಂತ ನನಗೆ ಅನುಮಾನ. ಎಂಟು ಮನೆಯಲ್ಲಿ ಆರಕ್ಕೆ ಬೀಗ ಬಿದ್ದರೆ ಬೀದಿಗೆ ಸಿಕ್ಕಿದ್ದು ನೆರಳು ಮಾತ್ರ.

ಜಾತ್ರೆ ಅಂದೆ ನೋಡಿ. ಬಿಡ್ಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತ ದಿನಗಳಲ್ಲಿ ಸುತ್ತಲಿನ ಪೇಟೆಗೆ ಹೋಗಿ. ವಾಹನ ತಡೆದ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಬಳೆ, ಬತ್ತಾಸು, ಮಿಠಾಯಿ. ಅದೇ ರಸ್ತೆ ಉಳಿದ ದಿನ ಇಕ್ಕಟ್ಟು ಅಂತ ಬೈಯುತ್ತೇವಲ್ವಾ?

ಇನ್ನು ಹೂವಿನವರ ವಿಷಯ. ಕಟ್ಟಡದ ಜಾಗ ಮಾಲೀಕರದು, ರಸ್ತೆ ಅಲ್ಲ. ರಸ್ತೆ ಬದಿ ಕೂತವರನ್ನು ಬಿಲ್ಡರ್ ಏಳಿಸುವ ಹಾಗಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಊರಿನ ವ್ಯಾಪಾರಿಗಳ ಸರ್ವೆ ಮುಗಿದು, ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಜಾಗ ಬದಲಿಸಬೇಕಾದರೆ 30 ದಿನದ ನೋಟಿಸ್ ಬೇಕು. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಈ ಸರ್ವೆ ಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಎದುರು ಕೂರುವವರ ಹತ್ತಿರ ಪ್ರಮಾಣಪತ್ರ ಇದೆಯಾ ಅಂತ ಇವತ್ತೇ ಕೇಳಿ. ಇಲ್ಲದಿದ್ದರೆ ನಗರಸಭೆಗೆ ಜೊತೆಗೆ ಹೋಗಿ ಬನ್ನಿ, ಅರ್ಜಿ ಬರೆಯಲು ಒಬ್ಬರಾದರೂ ಬೇಕಾಗುತ್ತದೆ.

ಕಟ್ಟಡದ ನಕ್ಷೆ ನೋಡುವುದೂ ಕಷ್ಟವಲ್ಲ. ಮಾರಾಟಕ್ಕೆ ಕಟ್ಟುತ್ತಿದ್ದು, ಜಾಗ 500 ಚದರ ಮೀಟರ್ ಮೀರಿ, ಎಂಟಕ್ಕಿಂತ ಹೆಚ್ಚು ಫ್ಲಾಟ್ ಇದ್ದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಕಡ್ಡಾಯ. ಮಂಜೂರಾದ ನಕ್ಷೆ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಚಿಕ್ಕ ಕಟ್ಟಡವಾದರೆ ಮಾಹಿತಿ ಹಕ್ಕಿನಲ್ಲಿ ನಗರಸಭೆಯನ್ನು ಕೇಳಿ. ನೆಲಮಹಡಿಯ ಹಾಳೆ ಒಂದೇ ಸಾಕು. ಬಾಗಿಲು ಎಣಿಸಿ, ಮೆಟ್ಟಿಲು ಎಣಿಸಿ, ಕಾರು ಎಲ್ಲಿಂದ ಒಳಗೆ ಹೋಗುತ್ತದೆ ನೋಡಿ. ಮಾಲೀಕರು ನಿಮ್ಮ ಪರಿಚಯದವರೇ ಆಗಿರುತ್ತಾರೆ, ಶಿರಸಿ ಎಷ್ಟು ದೊಡ್ಡದು ಮಾರಾಯರೇ! ಪಾಯ ತೋಡುವ ಮೊದಲೇ ಹೋಗಿ, ತಮ್ಮದೇ ಜಾಗದೊಳಗೆ ನಾಲ್ಕಡಿ ಸೂರು ಬಿಡಿ ಅಂತ ಹೇಳಿ ನೋಡಿ.