ಬಾಕ್ಸ್ ಬಿಡಿಸ್ತಾ ಇಲ್ಲ ಅಂತ ಫೋನ್ ಮಾಡುವ ಮೊದಲು

ಬೆಳಿಗ್ಗೆ ಎಂಟೂವರೆಗೆ ಫೋನ್ ಬಂದರೆ ಎತ್ತುವ ಮೊದಲೇ ನನಗೆ ವಿಷಯ ಗೊತ್ತಿರುತ್ತದೆ. "ಸಾರ್, ನಿಮ್ಮ ಮೆಷಿನ್ ಬಾಕ್ಸ್ ಬಿಡಿಸ್ತಾ ಇಲ್ಲ." ಚೆನ್ನಾಗಿ ಓಡುವಾಗ ಅದು ಅವರ ಮೆಷಿನ್. ನಿಂತ ದಿನ ನನ್ನದು.

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಬಾಕ್ಸಿನ ಹೊಸ ಲೋಡ್ ಏನಾದರೂ ಬಂತಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಂದಿದೆ ಸಾರ್. ಆದರೆ ಬಾಕ್ಸ್ ಸರಿಯಾಗೇ ಇದೆ. ಕೈಯಲ್ಲಿ ಆರಾಮಾಗಿ ಬಿಡಿಸಬಹುದು."

ಈ ಕೊನೆಯ ಮಾತನ್ನು 22 ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಪೀಣ್ಯದಲ್ಲಿ ಕೇಳಿದ್ದೇನೆ, ಮಂಗಳೂರಿನಲ್ಲಿ ಕೇಳಿದ್ದೇನೆ, ರಾಯಚೂರಿನಲ್ಲೂ ಕೇಳಿದ್ದೇನೆ. ನನ್ನ ಕೆಲಸ ಕೇಸ್ ಎರೆಕ್ಟರ್ ಸರ್ವೀಸ್. ಮಡಚಿ ಚಪ್ಪಟೆಯಾಗಿ ಬಂದ ರಟ್ಟನ್ನು ಗಾಳಿ ಹೀರುವ ವ್ಯಾಕ್ಯೂಮ್ ಕಪ್ಪುಗಳಲ್ಲಿ ಹಿಡಿದು ಎಳೆದು, ಚೌಕ ಮಾಡಿ, ತಳದ ಫ್ಲಾಪ್ ಮಡಚಿ, ಟೇಪ್ ಒತ್ತಿ ಮುಂದಕ್ಕೆ ತಳ್ಳುವ ಮೆಷಿನ್. ಇದನ್ನು ಓದುವವರಲ್ಲಿ ಹೆಚ್ಚಿನವರ ಲೈನಿನಲ್ಲಿ ಒಂದು ಇದ್ದೇ ಇರುತ್ತದೆ, ಹಾಗಾಗಿ ಯಾವ ಭಾಗ ಯಾವುದು ಅಂತ ಹೇಳುತ್ತಾ ಕೂರುವುದಿಲ್ಲ. ಆ "ಕೈಯಲ್ಲಿ ಆರಾಮಾಗಿ" ಅನ್ನುವ ಮಾತಿನ ಬಗ್ಗೆ ಮಾತ್ರ ಹೇಳಬೇಕಾಗಿದೆ.

ಪ್ಯಾಕಿಂಗ್ ಟೇಬಲ್ ಹತ್ತಿರ ಹೋಗಿ ಐದು ನಿಮಿಷ ಸುಮ್ನೆ ನಿಂತು ನೋಡಿ. ಅಲ್ಲಿರುವ ಹೆಣ್ಣುಮಗಳು ಬಂಡಲ್‌ನಿಂದ ಒಂದು ಬಾಕ್ಸ್ ತೆಗೆಯುತ್ತಾಳೆ. ಸಂದಿಗೆ ಹೆಬ್ಬೆರಳು ತೂರಿಸುತ್ತಾಳೆ. ಎರಡು ಪದರ ಅಂಟಿಕೊಂಡಿದ್ದರೆ ಒಮ್ಮೆ ಕೊಡವುತ್ತಾಳೆ. ಬಾಕ್ಸನ್ನು ಚೌಕಕ್ಕೆ ತಂದು ನಿಲ್ಲಿಸುವುದಿಲ್ಲ, ಚೌಕ ದಾಟಿಸಿ ಆ ಕಡೆಗೆ ಒತ್ತುತ್ತಾಳೆ. ಆಗ ಬಿಗಿಯಾಗಿದ್ದ ಮಡಿಕೆ ಮೆತ್ತಗಾಗುತ್ತದೆ. ಒಂದು ಮೂಲೆ ಬಾಗದಿದ್ದರೆ ಮೊಣಕಾಲಿಗೆ ಕೊಟ್ಟು ಒತ್ತುತ್ತಾಳೆ. ಕೆಳಗಿನ ಫ್ಲಾಪ್ ಸೊಟ್ಟಗಿದ್ದರೆ ಅಂಗೈಯಲ್ಲಿ ತಟ್ಟಿ ಸರಿ ಮಾಡುತ್ತಾಳೆ. ಇಷ್ಟೆಲ್ಲ ಮಾಡಿದ್ದು ಅವಳಿಗೇ ಗೊತ್ತಿರುವುದಿಲ್ಲ. ಕೇಳಿದರೆ "ಬಾಕ್ಸ್ ಬಿಡಿಸಿದೆ" ಅನ್ನುತ್ತಾಳೆ, ಅಷ್ಟೆ.

ಕೈ ಸುಧಾರಿಸಿಕೊಂಡು ಹೋಗುತ್ತದೆ. ಮೆಷಿನ್‌ಗೆ ಸುಧಾರಿಸಿಕೊಂಡು ಹೋಗುವುದು ಗೊತ್ತಿಲ್ಲ. ಅದರ ತೋಳು ನಿನ್ನೆ ಎಲ್ಲಿಗೆ ಹೋಗಿತ್ತೋ ಇವತ್ತೂ ಅಲ್ಲಿಗೇ ಹೋಗುತ್ತದೆ. ನೀವು ದುಡ್ಡು ಕೊಟ್ಟಿದ್ದೇ ಅದಕ್ಕೆ. ನಿನ್ನೆಯ ಬಾಕ್ಸ್ ಒಂದು ಥರ, ಇವತ್ತಿನ ಬಾಕ್ಸ್ ಇನ್ನೊಂದು ಥರ ಇದ್ದರೆ ತೋಳು ಏನು ಮಾಡಬೇಕು? ಕೈಯಲ್ಲಿ ಬಿಡಿಸಿಕೊಂಡಿತು ಅನ್ನುವುದು ಕೈಗೆ ಕೊಡುವ ಸರ್ಟಿಫಿಕೇಟ್. ಬಾಕ್ಸಿನ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ "ವ್ಯಾಕ್ಯೂಮ್ ಸ್ವಲ್ಪ ಜಾಸ್ತಿ ಮಾಡಿದರೆ ಆಗಲ್ವಾ ಸಾರ್?" ಅನ್ನುವವರು ಇದ್ದಾರೆ. ಲೆಕ್ಕ ಹಾಕೋಣ. 40 ಮಿಲಿಮೀಟರ್ ಅಗಲದ ಒಂದು ಕಪ್, ಗೇಜ್‌ನಲ್ಲಿ 0.6 ಬಾರ್ ವ್ಯಾಕ್ಯೂಮ್. ಹಿಡಿತ ಸುಮಾರು ಏಳೂವರೆ ಕೆಜಿ. ನಾಲ್ಕು ಕಪ್ ಸೇರಿದರೆ 30. ಒಂದು ಬಾಕ್ಸ್ ಬಿಡಿಸಲು ಇದು ಧಾರಾಳವಾಯಿತು. ಆದರೆ ಇದು ಕಪ್ಪಿನ ಅಂಚು ರಟ್ಟಿನ ಮೇಲೆ ಪೂರ್ತಿ ಕೂತಾಗಿನ ಲೆಕ್ಕ. ರಟ್ಟು ಬಾಣಲೆಯ ಹಾಗೆ ಬಗ್ಗಿದ್ದರೆ ಅಂಚಿನಡಿಯಿಂದ ಗಾಳಿ ಸೋರುತ್ತದೆ. ಒಳಗಿನ ಫ್ಲೂಟಿನ, ಅಂದರೆ ನಡುವಿನ ಅಲೆಅಲೆಯಾದ ಕಾಗದದ, ಗೆರೆ ಮೇಲೆ ಎದ್ದು ಕಾಣುತ್ತಿದ್ದರೂ ಸೋರುತ್ತದೆ. ಕಾಗದವೇ ಕಳಪೆಯಾಗಿದ್ದರೆ ಅದರೊಳಗಿಂದಲೇ ಗಾಳಿ ಬರುತ್ತದೆ. ಹಾಗೂ ವ್ಯಾಕ್ಯೂಮ್ ಏರಿಸಿದರೆ, ಪೇಸ್ಟಿಂಗ್ ಸರಿ ಇಲ್ಲದ ರಟ್ಟಿನಲ್ಲಿ ಮೇಲಿನ ಕಾಗದ ಮಾತ್ರ ಕಿತ್ತುಕೊಂಡು ಬರುತ್ತದೆ. ಬಾಕ್ಸ್ ಅಲ್ಲೇ ಕೂತಿರುತ್ತದೆ. ನಾನು ನೋಡಿದ್ದೇನೆ, ಕಪ್ಪಿನಡಿ ರೂಪಾಯಿ ನಾಣ್ಯದಷ್ಟಗಲ ಕಾಗದ ಅಂಟಿಕೊಂಡಿರುತ್ತದೆ.

ಇನ್ನು ಕ್ರೀಸ್, ಅಂದರೆ ಮಡಚಲು ರಟ್ಟಿನ ಮೇಲೆ ಒತ್ತಿದ ಗೆರೆ. ನನ್ನ ಕೇಳಿದರೆ ಬಾಕ್ಸ್ ಅಂದರೇನೇ ಕ್ರೀಸ್, ಉಳಿದಿದ್ದು ಬರೀ ರಟ್ಟು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಅನ್ನುವವನು ಕಾಗದದ ಚೀಲ ಮಾಡುತ್ತಿದ್ದ. 1879ರಲ್ಲಿ ಬೀಜದ ಚೀಲ ಅಚ್ಚು ಹಾಕುವಾಗ, ಮಡಿಕೆ ಗೆರೆ ಒತ್ತಬೇಕಾದ ಲೋಹದ ಪಟ್ಟಿ ಸ್ವಲ್ಪ ಮೇಲೆದ್ದು ಚೀಲಗಳನ್ನು ಕತ್ತರಿಸಿಬಿಟ್ಟಿತಂತೆ. ಬೇರೆಯವರಾಗಿದ್ದರೆ ಆಪರೇಟರ್‌ಗೆ ಬೈದು ಸುಮ್ಮನಾಗುತ್ತಿದ್ದರು. ಇವನು, ಒಂದೇ ಏಟಿಗೆ ಕತ್ತರಿಸುವುದೂ ಮಡಿಕೆ ಹಾಕುವುದೂ ಆಗುತ್ತದಲ್ಲ ಅಂತ ಯೋಚಿಸಿದ. ಮಡಚಿ ಚಪ್ಪಟೆಯಾಗಿ ಸಾಗಿಸುವ ಪೆಟ್ಟಿಗೆಗಳ ರಾಶಿ ತಯಾರಿಕೆ ಶುರುವಾಗಿದ್ದು ಅಲ್ಲಿಂದ. ಪಟ್ಟಿಯ ಎತ್ತರ ಕೂದಲೆಳೆಯಷ್ಟು ಆಚೀಚೆ ಆದರೆ ಮಡಿಕೆ ಹೋಗಿ ಕತ್ತರಿ ಆಗುತ್ತದೆ, ಕತ್ತರಿ ಹೋಗಿ ಮಡಿಕೆ ಆಗುತ್ತದೆ. ಇವತ್ತಿಗೂ ಅಷ್ಟೆ.

ನಮ್ಮ ಕಡೆ ಬಾಕ್ಸ್ ಮಾಡುವ ಸಣ್ಣ ಶೆಡ್‌ಗಳಲ್ಲಿ ಕ್ರೀಸ್ ಹಾಕುವುದು ಹೆಚ್ಚಾಗಿ ಆರ್‌ಎಸ್4 ಅನ್ನುವ ಚಕ್ರದ ಮೆಷಿನ್. ಚಕ್ರ ರಟ್ಟನ್ನು ಒತ್ತಿ ಒಳಗಿನ ಫ್ಲೂಟ್ ಜಜ್ಜಬೇಕು, ಹೊರಗಿನ ಕಾಗದ ಹರಿಯಬಾರದು. 3 ಪ್ಲೈ, ಅಂದರೆ ಮೂರು ಪದರದ ರಟ್ಟು ಓಡಿಸಿ ಅದೇ ಸೆಟ್ಟಿಂಗ್‌ನಲ್ಲಿ 5 ಪ್ಲೈ ಬಿಟ್ಟರೆ ಒಂದೋ ಗೆರೆ ಹರಿಯುತ್ತದೆ, ಇಲ್ಲ ಸರಿಯಾಗಿ ಬೀಳುವುದೇ ಇಲ್ಲ. ಚಕ್ರ ಸವೆದಿದ್ದರೆ ಕೇಳುವುದೇ ಬೇಡ. ಗೆರೆ ಮೇಲುಮೇಲೆ ಬಿದ್ದ ಬಾಕ್ಸನ್ನು ನನ್ನ ಮೆಷಿನ್ ಎಳೆದರೆ ರಟ್ಟು ಗೆರೆಯಲ್ಲಿ ಬಾಗುವ ಬದಲು ಪಕ್ಕದಲ್ಲೆಲ್ಲೋ ಬಾಗುತ್ತದೆ. ಬಾಕ್ಸ್ ಚೌಕವಾಗದೆ ಮೀನಿನ ಹೊಟ್ಟೆಯ ಹಾಗೆ ಉಬ್ಬಿ ನಿಲ್ಲುತ್ತದೆ. ಫ್ಲಾಪ್ ಮಡಚುವ ಕೈ ಬಂದು ಅಲ್ಲಿಗೆ ಬಡಿಯುತ್ತದೆ. ಜಾಮ್.

ಇದನ್ನೆಲ್ಲ ಬಾಕ್ಸ್ ಮಾಡುವವರ ಮೇಲೆ ಹೊರಿಸುವುದೂ ಸರಿಯಲ್ಲ. ಅವರ ಕೈಗೆ ಹೋಗುವ ಪರ್ಚೇಸ್ ಆರ್ಡರ್ ನೋಡಿ. ಉದ್ದ, ಅಗಲ, ಎತ್ತರ, 5 ಪ್ಲೈ, 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ), 18 ಬಿಎಫ್, ರೇಟು. ಮುಗಿಯಿತು. ಬಿಎಫ್, ಅಂದರೆ ಬರ್ಸ್ಟ್ ಫ್ಯಾಕ್ಟರ್, ಹೇಳುವುದು ಕಾಗದ ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಅಂತ. ಅದು ಹೇಗೆ ಮಡಚಿಕೊಳ್ಳುತ್ತದೆ ಅಂತ ಅಲ್ಲ. ಕ್ರೀಸಿನ ಬಗ್ಗೆ ಒಂದಕ್ಷರ ಇಲ್ಲ. ಬಗ್ಗಿರಬಾರದು ಅಂತ ಇಲ್ಲ. ರಟ್ಟಿನ ಎರಡು ತುದಿ ಸೇರಿಸಿದ ಜಾಯಿಂಟ್ ಹತ್ತಿರದ ಸಂದಿ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು ಅಂತ ಇಲ್ಲ. ತೇವ ಎಷ್ಟಿರಬೇಕು ಅಂತ ಇಲ್ಲ. ನೀವು ಕೇಳದೆ ಇದ್ದುದನ್ನು ಅವರು ಕೊಟ್ಟಿಲ್ಲ ಅಷ್ಟೆ. ಆಟೋಮ್ಯಾಟಿಕ್ ಮೆಷಿನ್‌ಗೆ ಹೋಗುವ ಬಾಕ್ಸ್ ಅನ್ನುವ ಮಾತಾದರೂ ಆರ್ಡರ್‌ನಲ್ಲಿ ಬರೆಯಿರಿ ಅಂತ ನಾನು ಬೇಡಿಕೊಳ್ಳುತ್ತೇನೆ. ಬರೆಯುವುದಿಲ್ಲ. ಬರೆದರೆ ಬಾಕ್ಸಿಗೆ 40 ಪೈಸೆ ಜಾಸ್ತಿ ಕೇಳುತ್ತಾರೆ ಅನ್ನುವ ಭಯ.

ತೇವದ ವಿಷಯಕ್ಕೆ ಬಂದರೆ ಒಂದು ಕಥೆ ಹೇಳಲೇಬೇಕು. ಕರಾವಳಿಯಲ್ಲಿ ಒಂದು ಗೋಡಂಬಿ ಕಾರ್ಖಾನೆ. ಮೆಷಿನ್ ಕೂರಿಸಿದ್ದು ಫೆಬ್ರವರಿಯಲ್ಲಿ. ಟ್ರಯಲ್ ದಿನ ಒಂದೂ ಜಾಮ್ ಇಲ್ಲ. ಮಾಲೀಕರು ಊಟ ಹಾಕಿಸಿ, ಒಂದು ಕೆಜಿ ಗೋಡಂಬಿ ಕೊಟ್ಟು ಕಳಿಸಿದರು. ಜುಲೈಯಲ್ಲಿ ಅದೇ ಮಾಲೀಕರು ಫೋನಿನಲ್ಲಿ ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ರಾತ್ರಿ ಬಸ್ಸು ಹತ್ತಿ ಹೋದೆ. ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿ ಗಾಜಿನ ಒಳಗಡೆಯೂ ನೀರು. ಕಾರ್ಖಾನೆಯಲ್ಲಿ ಅಷ್ಟೊತ್ತಿಗೆ ವ್ಯಾಕ್ಯೂಮ್ ಕಪ್ಪೆಲ್ಲ ಹೊಸದು ಹಾಕಿದ್ದರು. ಫಿಲ್ಟರ್ ಬದಲಾಯಿಸಿದ್ದರು. ಗೈಡುಗಳನ್ನು ಯಾರ್‍ಯಾರೋ ತಿರುಗಿಸಿ, ನಾನು ಪೇಂಟಿನಲ್ಲಿ ಹಾಕಿದ್ದ ಗುರುತಿಗೂ ಬೋಲ್ಟಿಗೂ ಸಂಬಂಧವೇ ಇರಲಿಲ್ಲ. ಎಲ್ಲವನ್ನೂ ಹಳೇ ಗುರುತಿಗೆ ತರುವುದಕ್ಕೇ ಅರ್ಧ ದಿನ ಹೋಯಿತು. ಆಮೇಲೆ ಗೋಡೌನ್ ನೋಡಿದೆ. ಬಾಕ್ಸಿನ ಬಂಡಲ್‌ಗಳು ಸೀದಾ ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒರಗಿಸಿ. ಮೇಲೆ ಒಂದು ಕಿಟಕಿ, ಅದಕ್ಕೆ ಗಾಜಿಲ್ಲ, ಜಾಲರಿ ಮಾತ್ರ. ಜಾಲರಿಯಿಂದ ಇರಚಲು ಬರುತ್ತಿತ್ತು.

ಕಾಗದ ನೀರು ಕುಡಿಯುತ್ತದೆ. ಮೇಲೆ ಮಳೆ ಬೀಳಲೇಬೇಕು ಅಂತಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಸಾಕು. ರಟ್ಟಿನ ತೇವ ಶೇ 7ರಿಂದ 9ರ ಒಳಗಿದ್ದರೆ ನನಗೆ ನೆಮ್ಮದಿ. 12 ದಾಟಿದರೆ ಮೆಷಿನ್ ಆಟ ಶುರು ಮಾಡುತ್ತದೆ. ಬಾಕ್ಸ್ ಹೊರುವ ಶಕ್ತಿಯೂ ಆಗ ಇಳಿಯುತ್ತದೆ, ಆದರೆ ಅದು ಲಾರಿಯಲ್ಲಿ ಅಟ್ಟಿ ಕುಸಿದಾಗ ಗೊತ್ತಾಗುವ ವಿಷಯ, ಅದಕ್ಕೆ ನನಗೆ ಫೋನ್ ಬರುವುದಿಲ್ಲ. ನನಗೆ ತೊಂದರೆ ಏನೆಂದರೆ ಗೆರೆಗೂ ರಟ್ಟಿಗೂ ಇರಬೇಕಾದ ವ್ಯತ್ಯಾಸವೇ ಹೋಗಿಬಿಡುತ್ತದೆ. ಒಣ ರಟ್ಟಿನಲ್ಲಿ ಗೆರೆ ಮಾತ್ರ ಮೆತ್ತಗೆ, ಉಳಿದದ್ದು ಗಟ್ಟಿ. ಎಳೆದರೆ ಗೆರೆಯಲ್ಲೇ ಬಾಗದೆ ಬೇರೆ ದಾರಿ ಇಲ್ಲ. ತೇವದ ರಟ್ಟಿನಲ್ಲಿ ಎಲ್ಲವೂ ಮೆತ್ತಗೆ. ಎಲ್ಲಿ ಬೇಕಾದರೂ ಬಾಗುತ್ತದೆ.

ಇದನ್ನು ಸೂಪರ್‌ವೈಸರ್‌ಗೆ ಇಂಗ್ಲಿಷು, ಕನ್ನಡ ಎರಡೂ ಸೇರಿಸಿ ವಿವರಿಸುತ್ತಿದ್ದೆ. ಮೆಷಿನ್ ಹತ್ತಿರ ನಿಂತಿದ್ದ ಅಕ್ಕ ಒಬ್ಬರು, ಅಲ್ಲಿ ಎಷ್ಟೋ ವರ್ಷದಿಂದ ಪ್ಯಾಕಿಂಗ್‌ನಲ್ಲಿದ್ದವರು, ಒಂದು ಬಾಕ್ಸ್ ಎತ್ತಿ ಮೂಲೆ ಹಿಡಿದು ಅಲುಗಿಸಿದರು. "ಇದು ಮಳೆಗಾಲದ ಹಪ್ಪಳ ಸರ್. ಗರಿ ಇಲ್ಲ" ಅಂದರು.

ನನ್ನ ಅರ್ಧ ಗಂಟೆಯ ಭಾಷಣ ಅಲ್ಲಿಗೆ ಮುಗಿಯಿತು. ಆಫೀಸಿನ ಎಸಿ ರೂಮಿನಲ್ಲಿ ಸ್ಯಾಂಪಲ್‌ಗೆ ಅಂತ ಇಟ್ಟಿದ್ದ ಎರಡು ಬಂಡಲ್ ಹಳೇ ಬಾಕ್ಸ್ ತರಿಸಿದೆ. 50 ಬಾಕ್ಸ್. ಮೆಷಿನ್‌ಗೆ ಹಾಕಿ ಒಂದು ಬೋಲ್ಟೂ ಮುಟ್ಟದೆ ಓಡಿಸಿದೆ. ಐವತ್ತೂ ಬಂದವು. ಹಿಂದೆಯೇ ಗೋಡೌನಿನ ಬಂಡಲ್ ಹಾಕಿದೆ. ಮೂರನೆಯದಕ್ಕೆ ಜಾಮ್. ಮಾಲೀಕರು ಒಂದೂ ಮಾತಾಡದೆ ಗೋಡೌನಿನ ಕಡೆ ಹೋದರು.

ಬಿಸಿಲ ಸೀಮೆಯಲ್ಲಿ ಇದರ ಉಲ್ಟಾ. ಏಪ್ರಿಲ್‌ನಲ್ಲಿ ರಾಯಚೂರಿನ ತಗಡಿನ ಶೆಡ್ಡಿನಡಿ ಇಟ್ಟ ಬಾಕ್ಸ್ ಗೆರೆಯಲ್ಲೇ ಸೀಳುತ್ತದೆ.

ಇನ್ನೊಂದು ಥರದ ತೇವ ಬಾಕ್ಸ್ ಮಾಡುವಲ್ಲಿಂದಲೇ ಬರುತ್ತದೆ. ಪದರ ಅಂಟಿಸುವುದು ಪಿಷ್ಟದ ಗಮ್ಮಿನಲ್ಲಿ, ಅದರಲ್ಲಿ ಇರುವುದು ಹೆಚ್ಚಾಗಿ ನೀರು. ಅಂಟಿಸಿ, ಮೇಲೆ ಭಾರ ಹೇರಿ, ಒಣಗಲು ಬಿಡಬೇಕು. ನಿಮ್ಮ ಪರ್ಚೇಸ್‌ನವರು "ನಾಳೆ ಬೆಳಿಗ್ಗೆ ಲೋಡ್ ಬರಲೇಬೇಕು" ಅಂದರೆ ಅವರು ಎಲ್ಲಿಂದ ಒಣಗಿಸುತ್ತಾರೆ ಪಾಪ? ಹಸಿಯಲ್ಲೇ ಕತ್ತರಿಸಿ, ಸುತಲಿಯಲ್ಲಿ ಬಿಗಿದು ಕಳಿಸುತ್ತಾರೆ. ಆ ಸುತಲಿಯೂ ಒಂದು ಪೀಡೆ. ಬಿಗಿದ ಜಾಗದಲ್ಲಿ ಬಂಡಲಿನ ಮೇಲಿನ, ಕೆಳಗಿನ ಬಾಕ್ಸುಗಳ ಅಂಚು ಜಜ್ಜಿಹೋಗಿರುತ್ತದೆ. ಬಂಡಲ್ ಬಿಚ್ಚಿದ ತಕ್ಷಣ ಮೂಗು ಹತ್ತಿರ ತಂದು ನೋಡಿ. ಗಂಜಿಯ ವಾಸನೆ ಬಂದರೆ ಆ ಬಾಕ್ಸ್ ಇವತ್ತು ಓಡಿಸಬೇಡಿ. ಹಲಗೆಯ ಪ್ಯಾಲೆಟ್ ಮೇಲೆ, ಗೋಡೆಯಿಂದ ಒಂದಡಿ ದೂರ, ಮೆಷಿನ್ ಇರುವ ಹಾಲಿನಲ್ಲೇ ಒಂದು ದಿನ ಇಡಿ. ಹಾಲ್ ಒಣಗಿದ್ದರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಎಲ್ಲ ಸಲ ಅಂತ ಹೇಳಲಾರೆ. ಬಗ್ಗಿ ಒಣಗಿದ ರಟ್ಟು ಬಗ್ಗಿಯೇ ಇರುತ್ತದೆ.

ಹಾಗಂತ ಮೆಷಿನ್ ತಪ್ಪು ಮಾಡುವುದೇ ಇಲ್ಲ ಅಂತಲ್ಲ. ಕಪ್ ಸವೆಯುತ್ತದೆ. ಫಿಲ್ಟರಿನಲ್ಲಿ ರಟ್ಟಿನ ಧೂಳು ಕಟ್ಟುತ್ತದೆ. ಒಂದೇ ಕಂಪ್ರೆಸರ್‌ಗೆ ನಾಲ್ಕು ಮೆಷಿನ್ ಕಟ್ಟಿದ ಕಡೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಒತ್ತಡ ಬಿದ್ದು ತೋಳು ಅರ್ಧದಲ್ಲೇ ಸೋಲುತ್ತದೆ. ಒಮ್ಮೆ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಎರಡು ದಿನ ಬಾಕ್ಸ್ ಸರಿ ಇಲ್ಲ, ಬಾಕ್ಸ್ ಸರಿ ಇಲ್ಲ ಅಂತ ವಾದ ಮಾಡಿ, ಒಂದು ಲೋಡ್ ವಾಪಸ್ ಕಳಿಸುವ ತನಕ ತಂದಿದ್ದೆ. ಮೂರನೇ ದಿನ ಹಿಂದಿನ ಕವರ್ ತೆಗೆದರೆ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿತ್ತು. ಬಾಕ್ಸ್ ಸಪ್ಲೈ ಮಾಡುವವರು ಅಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ, ಟೀ ತರಿಸಿ ಕೊಟ್ಟರು. ಆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಈಗ ಯಾರ ಮೇಲೂ ಹೇಳುವ ಮೊದಲು ಐವತ್ತು ಬಾಕ್ಸಿನ ಪರೀಕ್ಷೆ ಮಾಡುತ್ತೇನೆ. ಹಿಂದೆ ಚೆನ್ನಾಗಿ ಓಡಿದ ಲೋಡಿನಿಂದ 50 ಬಾಕ್ಸ್ ಪ್ಲಾಸ್ಟಿಕ್ ಸುತ್ತಿ ಒಣ ಜಾಗದಲ್ಲಿ ಎತ್ತಿಡಿ. ಮೆಷಿನ್ ನಿಂತ ದಿನ ಏನನ್ನೂ ತಿರುಗಿಸದೆ ಅವನ್ನು ಓಡಿಸಿ. ಓಡಿದರೆ ಬಾಕ್ಸಿನವರಿಗೆ ಫೋನ್ ಮಾಡಿ. ಓಡದಿದ್ದರೆ ನನಗೆ ಮಾಡಿ, ಬರುತ್ತೇನೆ. ಸ್ಪ್ಯಾನರ್ ಹಿಡಿದವರನ್ನು ಮಾತ್ರ ದಯವಿಟ್ಟು ಅಷ್ಟು ಹೊತ್ತು ದೂರ ಇಡಿ.

ಆ ಗೋಡಂಬಿ ಕಾರ್ಖಾನೆಗೆ ಮುಂದಿನ ವರ್ಷ ಆಗಸ್ಟಿನಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದೆ. ಗೋಡೌನಿನಲ್ಲಿ ಪ್ಯಾಲೆಟ್ ಬಂದಿತ್ತು, ಕಿಟಕಿಗೆ ಗಾಜು ಬಂದಿತ್ತು. ಒಂದು ಮೂಲೆಯಲ್ಲಿ ಏಳೆಂಟು ಬಂಡಲ್ ಬೇರೆ ಇಟ್ಟಿದ್ದರು. ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ಹಪ್ಪಳ" ಅಂತ ಬರೆದಿತ್ತು. ಅಕ್ಕನ ಕೈಬರಹ. ಬಂಡಲ್ ಬಂದ ಕೂಡಲೇ ಒಂದು ಬಾಕ್ಸ್ ಎಳೆದು ಅಲುಗಿಸಿ ನೋಡುವ ಕೆಲಸ ಈಗ ಅವರದೇ ಅಂತೆ.

ಸೂಪರ್‌ವೈಸರ್ ನನ್ನನ್ನು ಆ ಮೂಲೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು. "ಸರ್, ಸ್ಪೀಡ್ ಸ್ವಲ್ಪ ಕಮ್ಮಿ ಮಾಡಿ, ವ್ಯಾಕ್ಯೂಮ್ ಜಾಸ್ತಿ ಮಾಡಿದರೆ ಇದನ್ನೂ ಓಡಿಸಬಹುದಲ್ವಾ? ಕೈಯಲ್ಲಿ ಆರಾಮಾಗಿ ಬಿಡಿಸಿಕೊಳ್ಳುತ್ತೆ."

ಆಚೆ ಕಡೆ ಟೇಪ್ ರೋಲ್ ಬದಲಾಯಿಸುತ್ತಿದ್ದ ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು.