ಸಜ್ಜೆ ಬೆಳೆಯುವ ಸೀಮೆಯಲ್ಲೇ ಮಕ್ಕಳು ಸೊರಗುವುದೇಕೆ?

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಹಸಿವಿನ ಸುದ್ದಿ ಬಂದಾಗಲೆಲ್ಲ ಬಿರುಕುಬಿಟ್ಟ ನೆಲದ ಫೋಟೊ ಜತೆಗೇ ಬರುತ್ತದೆ. ಆದರೆ ಅಲ್ಲಿ ಮಕ್ಕಳ ಅಪೌಷ್ಟಿಕತೆ ಪದೇಪದೇ ಹೆಚ್ಚು ಕಾಣುವ ಪ್ರಾಂತಗಳಲ್ಲಿ ಮರಾಡಿಯೂ ಒಂದು. ನೈಜೀರಿಯಾ ಗಡಿಗೆ ಅಂಟಿಕೊಂಡ, ಸಜ್ಜೆ ಚೆನ್ನಾಗಿ ಬೆಳೆಯುವ ಸೀಮೆ ಅದು.

1960ರಲ್ಲಿ ಫ್ರಾನ್ಸ್‌ನಿಂದ ಸ್ವಾತಂತ್ರ್ಯ, 1968ರಿಂದ ಸಾಲು ಬರ, 1974ರಲ್ಲಿ ಸೇನಾದಂಗೆ, 1984ರಲ್ಲಿ ಮತ್ತೆ ಬರ. ಬರ ಬಂದ ಪ್ರತಿ ಸಲವೂ ಮಾತು ಧಾನ್ಯದ ಉಗ್ರಾಣದ ಸುತ್ತಲೇ ಸುತ್ತಿತು.

2004ರಲ್ಲಿ ಮಳೆ ಬೇಗ ನಿಂತಿತು, ಮಿಡತೆ ಬಂತು. ಆದರೂ ಇಳುವರಿ ಕುಸಿದದ್ದು ಐದು ವರ್ಷದ ಸರಾಸರಿಗಿಂತ ಸುಮಾರು ಶೇ 11ರಷ್ಟು ಮಾತ್ರ. ಕೆಟ್ಟದ್ದು ಬೆಲೆ. ಅಲ್ಲಿನ ಸಣ್ಣ ರೈತ ಅಕ್ಟೋಬರ್ ಸುಗ್ಗಿಯಲ್ಲೇ, ದರ ನೆಲಕಚ್ಚಿದಾಗ, ಸಾಲ ತೀರಿಸಲು ಸಜ್ಜೆ ಮಾರುತ್ತಾನೆ. ಜೂನ್ ಹೊತ್ತಿಗೆ ಕಣಜ ಬರಿದು. ಮಾರಿದ್ದನ್ನೇ ದುಬಾರಿಗೆ ಕೊಳ್ಳಬೇಕು. ಸೆಪ್ಟೆಂಬರ್‌ವರೆಗಿನ ಈ ತಿಂಗಳುಗಳಿಗೆ ಫ್ರೆಂಚಿನಲ್ಲಿ ‘ಸೂದ್ಯೂರ್’ ಎನ್ನುತ್ತಾರೆ, ಅಂದರೆ ಬೆಸುಗೆ: ಹಳೆ ಸುಗ್ಗಿಗೂ ಹೊಸದಕ್ಕೂ. ಆ ವರ್ಷ ಗಡಿಯಾಚೆಯ ವರ್ತಕರೂ ಧಾನ್ಯ ಎಳೆದುಕೊಂಡರು. ಅತ್ತ ಮೇಕೆಯ ಬೆಲೆ ಬಿತ್ತು. ರಿಯಾಯಿತಿ ದರದ ಸಜ್ಜೆ ಮಾರಾಟಕ್ಕಿತ್ತು ನಿಜ, ಆದರೆ ಕೈಯಲ್ಲಿ ಕಾಸಿಲ್ಲದವರಿಗೆ ರಿಯಾಯಿತಿಯಿಂದೇನು? ಉಚಿತವಾಗಿ ಹಂಚಿ ಮಾರುಕಟ್ಟೆ ಕೆಡಬಾರದೆಂಬ ಕಾಳಜಿ ಎಲ್ಲ ಕಡೆ ಗಟ್ಟಿಯಾಗಿತ್ತು. ವ್ಯಾಪಕ ಉಚಿತ ಹಂಚಿಕೆ ಶುರುವಾಗುವಷ್ಟರಲ್ಲಿ 2005ರ ಆಗಸ್ಟ್.

ಇನ್ನೊಂದು ಎಳೆ ತಟ್ಟೆಯಲ್ಲಿದೆ. ಸಜ್ಜೆ ಹಿಟ್ಟು ಬೇಯಿಸಿ, ಉಂಡೆ ಕಟ್ಟಿ, ಹಾಲು ಮಜ್ಜಿಗೆಯಲ್ಲಿ ಕಲಸುವ ‘ಫುರಾ’ ನಮ್ಮ ಅಂಬಲಿಯ ದಾಯಾದಿಯೇ. ಮೇಕೆ, ಹಸು ಮಾರಿದ ಮನೆಯಲ್ಲಿ ಮಜ್ಜಿಗೆಯ ಜಾಗಕ್ಕೆ ನೀರು ಬರುತ್ತದೆ. ಹೊಟ್ಟೆ ತುಂಬುತ್ತದೆ, ಎರಡು ವರ್ಷದ ಕೂಸಿಗೆ ಬೇಕಾದ ಪ್ರೋಟೀನು, ಕೊಬ್ಬು ಸಿಗುವುದಿಲ್ಲ.

2005ರಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯೊಂದೇ 60,000ಕ್ಕೂ ಹೆಚ್ಚು ಮಕ್ಕಳಿಗೆ ಚಿಕಿತ್ಸೆ ಕೊಟ್ಟಿತು. ಮೊದಲಾಗಿದ್ದರೆ ಅಸಾಧ್ಯ. ಆಗಿನ ಔಷಧಿ ಹಾಲಿನ ಪುಡಿಗೆ ಶುದ್ಧ ನೀರು ಬೇಕು, ತಾಯಿ ಹೊಲ, ಉಳಿದ ಮಕ್ಕಳನ್ನು ಬಿಟ್ಟು ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ ಅರೆದ ‘ಪ್ಲಂಪಿನಟ್’ ಪೇಸ್ಟಿನಲ್ಲಿ ನೀರಿನಂಶ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ಬ್ಯಾಕ್ಟೀರಿಯಾ ಬೆಳೆಯದು. 92 ಗ್ರಾಂ ಪ್ಯಾಕೆಟ್, 500 ಕ್ಯಾಲೊರಿ. 5 ಕೆ.ಜಿ. ತೂಗುವ ಮಗುವಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು.

ಚಿಕಿತ್ಸಾ ಕೇಂದ್ರದಲ್ಲಿ ಮೊದಲು ಎಡತೋಳಿನ ಮಧ್ಯಕ್ಕೆ ಬಣ್ಣದ ಅಳತೆ ಟೇಪು. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಿಗೆ 115 ಮಿ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ; 125ರವರೆಗೆ ಹಳದಿ, ಅಂದರೆ ಮಧ್ಯಮ. ಎರಡೂ ಪಾದವನ್ನು ಹೆಬ್ಬೆರಳಲ್ಲಿ ಮೂರು ಸೆಕೆಂಡ್ ಒತ್ತುತ್ತಾರೆ. ಗುಳಿ ಉಳಿದರೆ ಬಾವು, ಅಳತೆ ಏನೇ ಇರಲಿ ಚಿಕಿತ್ಸೆಗೆ ದಾಖಲು. ಪ್ಯಾಕೆಟ್ ಹರಿದು ಕೊಟ್ಟಾಗ ಮಗು ತಿನ್ನದಿದ್ದರೆ ನೇರ ಆಸ್ಪತ್ರೆಗೆ. ತಿಂದರೆ ವಾರದ ಪ್ಯಾಕೆಟ್ಟುಗಳೊಂದಿಗೆ ಮನೆಗೆ.

ಎಡವುವುದು ಮನೆಯಲ್ಲಿ. ಅಣ್ಣ ಅಕ್ಕಂದಿರೂ ಹಸಿದಿರುತ್ತಾರೆ, ಪೇಸ್ಟು ಪಾಲಾಗುತ್ತದೆ. ಬೆಸುಗೆ ತಿಂಗಳುಗಳೇ ಮಳೆಗಾಲ, ಮಲೇರಿಯಾ ಕಾಲ. ಜ್ವರ ಬಂದ ಮಗು ಬಾಯಿ ತೆರೆಯದು.

2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮನೆಚಿಕಿತ್ಸೆಯನ್ನು ಒಪ್ಪಿದವು. ರಾಜಧಾನಿ ನಿಯಾಮೆಯಲ್ಲೇ ಪ್ಯಾಕೆಟ್ ತಯಾರಾಗತೊಡಗಿತ್ತು. 2023ರ ಜುಲೈ ಸೇನಾದಂಗೆಯ ಬಳಿಕ ನೆರೆ ದೇಶಗಳ ನಿರ್ಬಂಧ ಬಿದ್ದು, ನೈಜೀರಿಯಾ ಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ನಿರ್ಬಂಧ ಸಡಿಲಿದ್ದು 2024ರ ಫೆಬ್ರವರಿಯಲ್ಲಿ. ಮರಾಡಿಯ ನೆರೆಯ ಜಿಂದೇರ್ ಪ್ರಾಂತದ ಕಡೆ ಈಗ ತಾಯಂದಿರ ಕೈಗೇ ಟೇಪು ಕೊಟ್ಟಿದ್ದಾರೆ, ಅಳತೆಯನ್ನೂ ಅವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಪ್ಯಾಕೆಟ್ ಮೊದಲು ಕೆಂಪಿಗೆ. ಹಳದಿ ತೋರಿದ ಮಗುವಿಗೆ ಹಲವೆಡೆ ಕೊಡಲು ಏನೂ ಇರುವುದಿಲ್ಲ.